ಬೆಕ್ಕಿಗೆ ಇದ್ದಕ್ಕಿದ್ದಂತೆ ಫಿಟ್ಸ್ ಬಂದರೆ ಮನೆಯವರು ಏನು ಮಾಡಬೇಕು?

ಸೋಮವಾರಪೇಟೆ ಕಡೆಯ ನಿಮ್ಮ ತೋಟದ ಮನೆಯಲ್ಲಿ ನಾಲ್ಕು ವರ್ಷದ ಗಂಡು ಬೆಕ್ಕು ನಿನ್ನೆ ರಾತ್ರಿ ಒಮ್ಮೆಲೇ ಮಗ್ಗುಲಾಗಿ ಬಿದ್ದು, ಕಾಲುಗಳನ್ನು ಸೆಟೆದುಕೊಂಡು ಒದ್ದಾಡಿ, ಜೊಲ್ಲು ಸುರಿಸಿ, ಸ್ವಲ್ಪ ಹೊತ್ತಿಗೆ ತಾನಾಗಿಯೇ ಎದ್ದು ಅನ್ನ ತಿಂದಿತು ಎಂದು ಬರೆದಿದ್ದೀರಿ. ಬಾಯಿಗೆ ನೀರು ಹಾಕಬೇಕಿತ್ತು, ಕಬ್ಬಿಣದ ಬೀಗದ ಕೈ ಹಿಡಿಸಬೇಕಿತ್ತು ಎಂದು ಮನೆಯ ಹಿರಿಯರು ಹೇಳುತ್ತಿದ್ದಾರೆ. ಈಗ ಆರಾಮವಾಗಿರುವ ಬೆಕ್ಕನ್ನು ವೈದ್ಯರಿಗೆ ತೋರಿಸಬೇಕೇ, ಮತ್ತೆ ಬಂದರೆ ಏನು ಮಾಡಬೇಕು ಎಂಬುದು ನಿಮ್ಮ ಪ್ರಶ್ನೆ. ನಾನು ಪಶುವೈದ್ಯನಲ್ಲ, ವಿರಾಜಪೇಟೆ ತಾಲ್ಲೂಕಿನ ಕಾಫಿ ತೋಟದಲ್ಲಿ ಅಪಸ್ಮಾರವಿರುವ ಬೆಕ್ಕೊಂದನ್ನು ಹಲವು ವರ್ಷಗಳಿಂದ ಸಾಕುತ್ತಿರುವವನು. ತೋರಿಸಬೇಕು, ಅದೂ ಇಂದೇ ತೋರಿಸಬೇಕು ಎಂಬುದು ನನ್ನ ಉತ್ತರ. ಎದ್ದ ಕೂಡಲೇ ಅನ್ನ ತಿಂದಿತು ಎಂಬುದನ್ನು ಗುಣವಾದ ಲಕ್ಷಣವೆಂದು ತಿಳಿಯಬೇಡಿ; ಫಿಟ್ಸ್ ಮುಗಿದ ಮೇಲೆ ವಿಪರೀತ ಹಸಿವಾಗುವುದು ಆ ಸ್ಥಿತಿಯದೇ ಒಂದು ಭಾಗ.

ಮತ್ತೆ ಬಂದರೆ ಮೊದಲು ಗಡಿಯಾರ ನೋಡಿ. ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾವಾಗಿ ನಿಲ್ಲುತ್ತವೆ, ಆದರೆ ನೋಡುತ್ತಾ ನಿಂತವರಿಗೆ ಅದೇ ಕಾಲು ಗಂಟೆಯಂತೆ ಅನ್ನಿಸುತ್ತದೆ; ಐದು ನಿಮಿಷ ಮೀರಿತೇ ಇಲ್ಲವೇ ಎಂಬುದರ ಮೇಲೆಯೇ ಮುಂದಿನ ಎಲ್ಲ ನಿರ್ಧಾರಗಳೂ ನಿಂತಿರುವುದರಿಂದ ಅಂದಾಜಿನ ಲೆಕ್ಕ ಪ್ರಯೋಜನಕ್ಕೆ ಬರುವುದಿಲ್ಲ. ಬೆಕ್ಕು ಕಟ್ಟೆಯ ಮೇಲೋ, ಮೆಟ್ಟಿಲ ಬಳಿಯೋ, ಒಲೆಯ ಹತ್ತಿರವೋ ಇದ್ದರೆ ದಪ್ಪ ಟವೆಲ್ಲಿನಿಂದ ಹಿಡಿದು ಸಮನೆಲಕ್ಕೆ ಸರಿಸಿ. ಇಲ್ಲವಾದರೆ ಮುಟ್ಟದೆ, ತಲೆ ಬಡಿಯುವ ಕಡೆ ಮೆತ್ತನೆಯ ಬಟ್ಟೆ ಇಟ್ಟು, ದೀಪ ಮತ್ತು ಟಿವಿ ಆರಿಸಿ, ನಾಯಿಯನ್ನು ಹೊರಗೆ ಕಟ್ಟಿಸಿ. ಬೆಕ್ಕು ನಾಲಿಗೆಯನ್ನು ನುಂಗುವುದಿಲ್ಲ. ಬಾಯಿಗೆ ಬೆರಳು ಹಾಕಿದರೆ ಆಳವಾಗಿ ಕಚ್ಚುತ್ತದೆ, ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಬೀಗದ ಕೈಯಿಂದ ಉಪಯೋಗವೂ ಇಲ್ಲ. ಹಿರಿಯರ ಸಮಾಧಾನಕ್ಕೆ ಬೇಕಿದ್ದರೆ ಪಕ್ಕದಲ್ಲಿ ಇಟ್ಟುಕೊಳ್ಳಲಿ, ಬೆಕ್ಕನ್ನು ಅದುಮಿ ಹಿಡಿಯದಿದ್ದರೆ ಸಾಕು.

ಇನ್ನೊಬ್ಬರಿದ್ದರೆ ಅವರ ಕೈಗೆ ಮೊಬೈಲ್ ಕೊಟ್ಟು ವಿಡಿಯೊ ಮಾಡಿಸಿ. ಇದು ನಾಚಿಕೆಯ ವಿಷಯವಲ್ಲ. ಹೃದಯದ ತೊಂದರೆಯಿಂದ ಕುಸಿದು ಬೀಳುವ ಬೆಕ್ಕು ಸಾಮಾನ್ಯವಾಗಿ ಮೈ ಸಡಿಲವಾಗಿ ಬಿದ್ದು ಕೆಲವೇ ಕ್ಷಣಗಳಲ್ಲಿ ಏನೂ ಆಗದಂತೆ ಎದ್ದುಬಿಡುತ್ತದೆ. ಫಿಟ್ಸ್ ಬಂದ ಬೆಕ್ಕು ಎದ್ದ ಮೇಲೂ ಬಹಳ ಹೊತ್ತು ದಿಕ್ಕು ತಪ್ಪಿದಂತೆ ಅಲೆಯುತ್ತದೆ. ವೈದ್ಯರ ಮುಂದೆ ಅದು ಬೀಳುವುದೇ ಅಪರೂಪವಾದ್ದರಿಂದ ಅವರಿಗಿರುವ ಸಾಕ್ಷಿ ನಿಮ್ಮ ವಿಡಿಯೊ ಒಂದೇ. ಎಲ್ಲ ಫಿಟ್ಸ್ ಕೂಡ ಬಿದ್ದು ಒದ್ದಾಡುವ ರೀತಿಯದಾಗಿರುವುದಿಲ್ಲ ಎಂಬುದನ್ನೂ ಗಮನಿಸಿ. ನಮ್ಮ ಬೆಕ್ಕಿಗೆ ಮೊದಲು ಎಡಗಡೆಯ ಮೀಸೆ ಅದುರತೊಡಗುತ್ತದೆ, ಬಳಿಕ ಅದೇ ಬದಿಯ ಕಣ್ಣುರೆಪ್ಪೆ ಮಿಟುಕುತ್ತದೆ, ಕಪ್ಪು ಪಾಪೆ ಕಣ್ಣಿನ ತುಂಬ ಅಗಲವಾಗುತ್ತದೆ, ಜೊಲ್ಲು ಎಳೆಯಾಗಿ ಇಳಿಯುತ್ತದೆ. ಕೆಲವು ಸಲ ಅಷ್ಟಕ್ಕೇ ನಿಲ್ಲುತ್ತದೆ, ಕೆಲವು ಸಲ ಇಡೀ ಮೈ ಸೆಟೆದು ಉಚ್ಚೆಯೂ ಹೋಗುತ್ತದೆ. ಎದ್ದ ಮೇಲೆ ಗೋಡೆಗೆ ಹಣೆ ತಾಗಿಸಿಕೊಂಡು ನಡೆಯುತ್ತದೆ, ನನ್ನ ಗುರುತೂ ಹತ್ತಿದಂತೆ ಕಾಣುವುದಿಲ್ಲ. ಆ ಹೊತ್ತಿನಲ್ಲಿ ಎತ್ತಿ ಮುದ್ದಿಸಲು ಹೋಗದೆ ಬಾಗಿಲು ಹಾಕಿದ ಕತ್ತಲೆಯ ಕೋಣೆಯಲ್ಲಿ ಬಿಡುವುದು ಒಳ್ಳೆಯದು.

ಐದು ನಿಮಿಷ ಮೀರಿದರೆ, ಒಂದೇ ದಿನದೊಳಗೆ ಇನ್ನೊಮ್ಮೆ ಬಂದರೆ, ಅಥವಾ ಪೂರ್ತಿ ಎಚ್ಚರವಾಗುವ ಮೊದಲೇ ಮರುಕಳಿಸಿದರೆ ಬೆಳಗಾಗಲೆಂದು ಕಾಯಬಾರದು. ಎಡೆಬಿಡದ ಸೆಳೆತದಿಂದ ಮೈಯ ಉಷ್ಣತೆ ಏರಿ ಮೆದುಳಿಗೆ ಶಾಶ್ವತ ಹಾನಿಯಾಗಬಹುದು. ನಮ್ಮ ಕೊಡಗು ಜಿಲ್ಲೆಯಲ್ಲಿ ರಾತ್ರಿ ಹೊತ್ತು ಪಶುವೈದ್ಯರು ಸಿಗುವುದು ಸುಲಭವಲ್ಲ, ಮಳೆಗಾಲದಲ್ಲಿ ಕರೆಂಟ್ ಹೋದರೆ ಮೊಬೈಲ್ ಸಿಗ್ನಲ್ ಕೂಡ ಹೋಗುತ್ತದೆ. ಪಶುಸಂಗೋಪನಾ ಇಲಾಖೆಯ ಸಹಾಯವಾಣಿ 1962ಕ್ಕೆ ಕರೆ ಮಾಡಬಹುದು, ಆದರೆ ಅದರ ಸಂಚಾರಿ ವಾಹನಗಳು ಮುಖ್ಯವಾಗಿ ದನಕರುಗಳಿಗಾಗಿ ಇರುವಂಥವು. ಆದ್ದರಿಂದ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯ ವೈದ್ಯರ ನಂಬರನ್ನೂ, ಮೈಸೂರು ಅಥವಾ ಹಾಸನದಲ್ಲಿ ರಾತ್ರಿ ತೆರೆದಿರುವ ಒಂದು ಆಸ್ಪತ್ರೆಯ ನಂಬರನ್ನೂ ಈಗಲೇ ವಿಚಾರಿಸಿ ಗೋಡೆಯ ಮೇಲೆ ಬರೆದಿಡಿ.

ಇನ್ನು ಕಾರಣದ ವಿಚಾರ. ತೋಟದಲ್ಲಿ ತಿರುಗಾಡುವ, ಅದುವರೆಗೆ ಆರೋಗ್ಯವಾಗಿದ್ದ ಬೆಕ್ಕಿಗೆ ಮೊದಲ ಸಲ ಫಿಟ್ಸ್ ಬಂದಾಗ ನಾನಾದರೆ ಅಪಸ್ಮಾರಕ್ಕಿಂತ ಮೊದಲು ವಿಷವನ್ನೇ ಅನುಮಾನಿಸುತ್ತೇನೆ. ಮನೆಯ ನಾಯಿಗೋ ದನಕ್ಕೋ ಇತ್ತೀಚೆಗೆ ಉಣುಗಿನ ಔಷಧಿ ಹಚ್ಚಿದ್ದೀರಾ? ನಾಯಿಯ ಬೆನ್ನಿಗೆ ಬಿಡುವ ಕೆಲವು ಔಷಧಿಗಳಲ್ಲಿರುವ ಪರ್ಮೆಥ್ರಿನ್ ನಾಯಿಗೆ ಏನೂ ಮಾಡುವುದಿಲ್ಲ, ಬೆಕ್ಕಿನ ಪಿತ್ತಜನಕಾಂಗ ಮಾತ್ರ ಅದನ್ನು ಕರಗಿಸಿ ಹೊರಹಾಕಲಾರದು. ಔಷಧಿ ಹಚ್ಚಿದ ನಾಯಿಯ ಮೈಗೆ ಒರಗಿ ಮಲಗಿ, ಆಮೇಲೆ ತನ್ನ ಮೈಯನ್ನು ನೆಕ್ಕಿಕೊಂಡರೂ ಕಿವಿ ಅದುರುವುದರಿಂದ ಶುರುವಾಗಿ ಫಿಟ್ಸ್‌ವರೆಗೆ ಹೋಗಬಹುದು. ಅದೇ ಕಾರಣವೆಂದು ಖಚಿತವಾದರೆ, ಸೆಳೆತ ನಿಂತ ಮೇಲೆ, ವೈದ್ಯರನ್ನು ಕೇಳಿಕೊಂಡು, ಪಾತ್ರೆ ತೊಳೆಯುವ ದ್ರವ ಸೋಪು ಮತ್ತು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಬೆಚ್ಚಗೆ ಒರೆಸಬೇಕು. ಕಾಫಿ ಗಿಡಗಳಿಗೆ ಹೊಡೆಯುವ ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕವೂ ಇಂಥದ್ದೇ ಸೆಳೆತ ತರುತ್ತದೆ. ಶನಿವಾರಸಂತೆಯ ಕಡೆ ಆಫ್ರಿಕನ್ ಬಸವನಹುಳುವಿನ ಕಾಟ ಇರುವುದು ನಿಮಗೆ ಗೊತ್ತೇ ಇದೆ. ಅದಕ್ಕೆ ಚೆಲ್ಲುವ ಮೆಟಾಲ್ಡಿಹೈಡ್ ಗುಳಿಗೆ ಬೆಕ್ಕಿನ ಹೊಟ್ಟೆಗೆ ಹೋದರೆ ಮೈಯೆಲ್ಲ ನಡುಗಿ ಜ್ವರವೇರುತ್ತದೆ. ಇಲಿ ಪಾಷಾಣಗಳಲ್ಲಿ ಜಿಂಕ್ ಫಾಸ್ಫೈಡ್ ತಿಂದ ಪ್ರಾಣಿಯ ವಾಂತಿಯಿಂದ ಬೆಳ್ಳುಳ್ಳಿಯಂಥ ವಾಸನೆ ಬರಬಹುದು. ಆ ಗಾಳಿ ನಮಗೂ ವಿಷವಾದ್ದರಿಂದ ಒಯ್ಯುವಾಗ ಕಾರಿನ ಕಿಟಕಿಗಳು ತೆರೆದಿರಲಿ. ಅಕ್ಕಪಕ್ಕದ ತೋಟದವರನ್ನೂ, ತೋಟದ ಕೆಲಸಗಾರರು ವಾಸಿಸುವ ಲೈನ್ ಮನೆಯವರನ್ನೂ ದೂರುವ ಧ್ವನಿಯಲ್ಲಿ ಅಲ್ಲದೆ ತಿಳಿದುಕೊಳ್ಳುವ ಧ್ವನಿಯಲ್ಲಿ ವಿಚಾರಿಸಿದರೆ ನಿಜ ಹೊರಬರುತ್ತದೆ.

ಬೆಕ್ಕಿಗೆ ರೇಬಿಸ್ ಲಸಿಕೆ ಹಾಕಿಸಿಲ್ಲ ಎಂದಾದರೆ, ಅದರ ಸ್ವಭಾವ ಕೆಲವು ದಿನಗಳಿಂದ ಬದಲಾಗಿದ್ದರೆ, ಕೈಗವಸು ಇಲ್ಲದೆ ಮುಟ್ಟಬೇಡಿ. ನಿನ್ನೆ ಯಾರಿಗಾದರೂ ಕಚ್ಚಿದ್ದರೆ ಅಥವಾ ಪರಚಿದ್ದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವರು ಇಂದೇ ಆಸ್ಪತ್ರೆಗೆ ಹೋಗಲಿ.

ವೈದ್ಯರು ರಕ್ತಪರೀಕ್ಷೆ ಮಾಡಿಸಿ ಸಕ್ಕರೆ, ಮೂತ್ರಪಿಂಡ, ಪಿತ್ತಜನಕಾಂಗ ಇವುಗಳನ್ನು ನೋಡುತ್ತಾರೆ. ಅದರಲ್ಲಿ ಏನೂ ಸಿಗದಿದ್ದರೆ, ಒಂದೇ ಒಂದು ಸಲ ಬಂದಿದ್ದರೆ, ಸಾಮಾನ್ಯವಾಗಿ ದಿನವಹಿ ಮಾತ್ರೆಯನ್ನು ಕೂಡಲೇ ಆರಂಭಿಸುವುದಿಲ್ಲ. ಇಳಿವಯಸ್ಸಿನ ಬೆಕ್ಕಿಗೆ ಮೊದಲ ಬಾರಿ ಬಂದಿದ್ದರೆ ಮೆದುಳಿನ ಗೆಡ್ಡೆಯನ್ನೂ ಯೋಚಿಸಿ ಸ್ಕ್ಯಾನ್ ಮಾಡಿಸಬೇಕಾದೀತು. ನಾಲ್ಕು ವರ್ಷದ ಬೆಕ್ಕಿಗೆ, ಮರುಕಳಿಸದ ಹೊರತು, ಅಷ್ಟು ಖರ್ಚಿಗೆ ನಾನು ಕೈಹಾಕುತ್ತಿರಲಿಲ್ಲ.

ಆರು ತಿಂಗಳೊಳಗೆ ಎರಡು ಮೂರು ಸಲ ಬಂದರೆ ಮಾತ್ರೆಯ ಮಾತು ಬರುತ್ತದೆ. ಬೆಕ್ಕುಗಳಿಗೆ ಹೆಚ್ಚಾಗಿ ಬರೆದುಕೊಡುವುದು ಫಿನೋಬಾರ್ಬಿಟೋನ್. ಹನ್ನೆರಡು ಗಂಟೆಗೊಮ್ಮೆ, ತಪ್ಪದೆ ಕೊಡಬೇಕು. ಮನುಷ್ಯರ ಮಾತ್ರೆಯನ್ನೇ ತುಂಡು ಮಾಡಿ ಕೊಡಬೇಕಾಗುವುದರಿಂದ ಅಳತೆಯನ್ನು ವೈದ್ಯರಿಂದಲೇ ತಿಳಿದುಕೊಳ್ಳಿ. ಮೊದಲ ಒಂದೆರಡು ವಾರ ಬೆಕ್ಕು ತೂಗಾಡುತ್ತಾ ನಡೆದು, ಸದಾ ನಿದ್ದೆ ಮಾಡಿ, ಹಸಿವೆಂದು ಕಾಡಬಹುದು. ಅದು ಬಹುಮಟ್ಟಿಗೆ ತಾನಾಗಿ ಕಡಿಮೆಯಾಗುತ್ತದೆ. ನಾನು ಮಾತ್ರೆಯ ತುಂಡನ್ನು ಬೇಯಿಸಿದ ಲಿವರಿನೊಳಗೆ ಹುದುಗಿಸಿ ಕೊಟ್ಟು, ಮೇಲೆ ಮಾತ್ರೆಯಿಲ್ಲದ ಬರೀ ಲಿವರಿನ ಇನ್ನೊಂದು ತುಂಡು ತಿನ್ನಿಸುತ್ತೇನೆ. ಒಮ್ಮೆಲೇ ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ ಫಿಟ್ಸ್ ಬರುವ ಅಪಾಯವಿರುವುದರಿಂದ, ಜೂನ್ ತಿಂಗಳಲ್ಲಿ ಮಳೆ ಹಿಡಿಯುವ ಮೊದಲೇ ಚೀಟಿ ಬರೆಸಿಕೊಂಡು ಸಾಕಷ್ಟು ಮಾತ್ರೆ ತಂದಿಟ್ಟುಕೊಳ್ಳುವುದು ನಮ್ಮ ಮನೆಯ ರೂಢಿ. ಮನೆಯಲ್ಲಿರುವ ಪ್ಯಾರಸಿಟಮಾಲ್ ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ, ಬೆಕ್ಕಿಗೆ ಅದು ವಿಷ.

ಇವತ್ತು ಹೊರಡುವಾಗ ಗಾಳಿಯಾಡುವ ಬುಟ್ಟಿಯೊಂದರಲ್ಲಿ ಹಳೆಯ ಬಟ್ಟೆ ಹಾಸಿ ಬೆಕ್ಕನ್ನು ಕೂರಿಸಿ ಬುಟ್ಟಿಯ ಬಾಯಿ ಕಟ್ಟಿಕೊಳ್ಳಿ. ನಿನ್ನೆ ಶುರುವಾದ ಸಮಯ, ಅದಕ್ಕೆ ಮುಂಚೆ ತಿಂದದ್ದು, ಉಚ್ಚೆ ಹೋಗಿತ್ತೇ ಎಂಬುದು, ಇವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ; ನಾಯಿಗೆ ಹಚ್ಚಿದ ಔಷಧಿಯ ಡಬ್ಬಿ, ತೋಟಕ್ಕೆ ಹೊಡೆದದ್ದರ ಖಾಲಿ ಬಾಟಲಿ ಏನೇ ಸಿಕ್ಕರೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೊತೆಗೆ ಒಯ್ದು ವೈದ್ಯರಿಗೆ ತೋರಿಸಿ.