ಧಾರಾವಾಹಿ ನೋಡುವಾಗ ‘ಇದನ್ನ ನಾನೇ ಚೆನ್ನಾಗಿ ಬರೀತಿದ್ದೆ’ ಅಂತ ಯಾಕೆ ಅನಿಸುತ್ತೆ?

ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಇದು ದಿನದ ಮಾತು. ಮೊನ್ನೆ ಒಂದು ಧಾರಾವಾಹಿಯಲ್ಲಿ ಸೊಸೆ ಬಾಗಿಲ ಹಿಂದೆ ನಿಂತು ಗುಟ್ಟು ಕೇಳಿಸಿಕೊಂಡಳು. ಅದನ್ನು ಗಂಡನಿಗೆ ಹೇಳೋಕೆ ಒಂಬತ್ತು ಕಂತು ಬೇಕಾಯ್ತು. ಅವ್ವ ರೊಟ್ಟಿ ಬಡಿಯೋದು ನಿಲ್ಲಿಸಿ, “ಫೋನ್ ಹಚ್ಚಿ ಹೇಳಿದ್ರ ಮುಗೀತಿತ್ತಲ್ಲ” ಅಂದಳು.

ಸರಿಯೇ. ಆದರೆ ಮುಗಿಯಬಾರದು ಅನ್ನೋದೇ ಅಲ್ಲಿನ ಲೆಕ್ಕ ಅಲ್ವಾ? ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದರೆ ಕಥೆಗೆ ಉಳಿಯೋದು ಸುಮಾರು 20-22 ನಿಮಿಷ. ವಾರಕ್ಕೆ ಐದಾರು ಕಂತು. ಅಂದರೆ ಪ್ರತಿ ವಾರ ಒಂದು ಸಿನಿಮಾದಷ್ಟು ಬರೆಯಬೇಕು, ಅದೂ ವರ್ಷಗಟ್ಟಲೆ. ಎಷ್ಟೋ ಸಲ ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು. ಗುರುವಾರ ಟಿಆರ್‌ಪಿ ಬಂದ ಮೇಲೆ ಕಥೆಯ ದಾರಿಯೇ ಬದಲಾಗಬಹುದು. ನಟಿ ಬಿಟ್ಟು ಹೋದರೆ ಪಾತ್ರಕ್ಕೆ ಆ್ಯಕ್ಸಿಡೆಂಟ್!

ನೋಡುವವರಿಗೆ ಈ ಯಾವ ಕಟ್ಟೂ ಇಲ್ಲ. ಮೇಲಾಗಿ, ಎರಡು ವರ್ಷ ಬಿಡದೆ ನೋಡಿದವರಿಗೆ ಪಾತ್ರದ ಸ್ವಭಾವ ಹೊಸದಾಗಿ ಸೇರಿದ ಬರಹಗಾರರಿಗಿಂತ ಜಾಸ್ತಿ ಗೊತ್ತಿರುತ್ತೆ. “ಅಕಿ ಹಂಗ ಅನ್ನಾಕಿ ಅಲ್ಲ ಬಿಡು” ಅಂತ ಅವ್ವ ತಟ್ಟನೆ ಹೇಳ್ತಾಳೆ. ಪೂರ್ತಿ ಕೆಟ್ಟದ್ದನ್ನು ಯಾರೂ ತಿದ್ದೋಕೆ ಹೋಗಲ್ಲ, ಸುಮ್ನೆ ಚಾನೆಲ್ ಬದಲಿಸ್ತಾರೆ. ಚೆನ್ನಾಗಿ ಶುರುವಾಗಿ ಹಾಳಾದದ್ದನ್ನು ಕಂಡಾಗಲೇ ಕೈ ತುರಿಸೋದು. ಹಳೇ ಚಟ ಇದು. 1893ರಲ್ಲಿ ಲೇಖಕ ಕಾನನ್ ಡಾಯ್ಲ್ ತನ್ನ ಪತ್ತೇದಾರಿ ಕಥೆಗಳ ನಾಯಕ ಷರ್ಲಾಕ್ ಹೋಮ್ಸ್‌ನನ್ನು ಸಾಯಿಸಿದಾಗ ಓದುಗರು ಸಿಟ್ಟಾದರು. 1903ರಲ್ಲಿ ಆತ ಹೋಮ್ಸ್‌ನನ್ನು ವಾಪಸ್ ತಂದ.

ಅವ್ವನ ಮಾತು ಕೇಳಿ ನಾನೂ ಆ ಸೊಸೆಯ ಕಥೆ ತಿದ್ದಿ ಬರೆದೆ. ಫೋನ್ ಹಚ್ಚಿಸಿದೆ. ಎರಡನೇ ಕಂತಿಗೇ ಕಥೆ ಖಾಲಿ.