ಮಾಡೆಲ್ ಪಕ್ಕ ನಿಂತ ಫೋಟೊ ಹಾಕಬಹುದೇ?

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಬಂದಿವೆ: ಫೋಟೊಗ್ರಾಫರ್ ತಾನೇ ಮಾಡೆಲ್ ಜೊತೆ ನಿಂತು ತೆಗೆಸಿಕೊಂಡ ಚಿತ್ರ. ಎರಡೂ ಕಡೆಯವರು ಬರೆದಿದ್ದಾರೆ. ಪತ್ರಗಳನ್ನು ಚಿಕ್ಕದಾಗಿಸಿ, ಹೆಸರು ಬಿಟ್ಟು ಕೊಟ್ಟಿದ್ದೇವೆ.

ಪ್ರಶ್ನೆ: ಸಣ್ಣ ಸ್ಟುಡಿಯೊ ಇಟ್ಟಿದ್ದೇನೆ. ಸೀರೆ, ಒಡವೆ ಅಂಗಡಿಗಳ ಕೆಲಸದ ಜೊತೆಗೆ ಹೊಸಬರ ಪೋರ್ಟ್‌ಫೋಲಿಯೊ ಮಾಡುತ್ತೇನೆ. ಶೂಟ್ ಮುಗಿದ ಮೇಲೆ ಮಾಡೆಲ್ ಜೊತೆ ಒಂದು ಸೆಲ್ಫಿ ತೆಗೆದು ಇನ್‌ಸ್ಟಾಗ್ರಾಂಗೆ ಹಾಕುವುದು ರೂಢಿ. ಇದರಿಂದ ಹೊಸಬರಿಗೆ ನಂಬಿಕೆ ಬರುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಚೀಪಾಗಿ ಕಾಣುತ್ತದೆ, ನಿಲ್ಲಿಸು ಎಂದು ಹಿರಿಯ ಫೋಟೊಗ್ರಾಫರ್ ಒಬ್ಬರು ಹೇಳಿದರು. ಯಾರ ಮಾತು ಕೇಳಲಿ? (ಹುಬ್ಬಳ್ಳಿ)

ಉತ್ತರ: ಹಿರಿಯರ ಮಾತು ಕೇಳಿ. ಆದರೆ ಎಲ್ಲವನ್ನೂ ನಿಲ್ಲಿಸಬೇಕಿಲ್ಲ.

ನಿಮ್ಮ ಪೇಜ್ ತೆರೆಯುವವರು ಮೂರು ಥರದವರು: ಕೆಲಸ ಕೊಡುವ ಅಂಗಡಿಯವರು, ಮುಂದಿನ ಮಾಡೆಲ್, ಮತ್ತು ಆ ಮಾಡೆಲ್‌ನ ಮನೆಯವರು. ನೀವು ಲೈಟ್ ಸರಿಮಾಡುತ್ತಿರುವುದು, ಮೇಕಪ್‌ನವರು ಪಕ್ಕದಲ್ಲಿರುವುದು, ಮಾಡೆಲ್ ಮಾನಿಟರ್‌ನಲ್ಲಿ ತನ್ನ ಫೋಟೊ ನೋಡುತ್ತಿರುವುದು, ಇಂಥ ಚಿತ್ರ ಮೂವರಿಗೂ ಒಂದೇ ಸಂಗತಿ ಹೇಳುತ್ತದೆ: ಇಲ್ಲಿ ತಂಡ ಇದೆ, ಕೆಲಸ ನಡೆಯುತ್ತದೆ. ನಂಬಿಕೆ ಹುಟ್ಟುವುದು ಇದರಿಂದ. ಹೆಗಲ ಮೇಲೆ ಕೈ ಹಾಕಿದ ಸೆಲ್ಫಿ ಕೆಲಸದ ಬಗ್ಗೆ ಏನನ್ನೂ ಹೇಳುವುದಿಲ್ಲ. ಅಂಥವು ಇಪ್ಪತ್ತು ಸಾಲಾಗಿ ಕಂಡರೆ ನೋಡುವವರಿಗೆ ಅನುಮಾನವೇ ಬರುತ್ತದೆ. ಹೊಸ ಹುಡುಗಿ ನಿಮಗೆ ಮೆಸೇಜ್ ಕಳಿಸುವ ಮೊದಲು ಮಾಡುವ ಲೆಕ್ಕ ಸರಳ: ‘ನಾನು ಹೋದರೂ ಹೀಗೇ ನಿಲ್ಲಬೇಕಾಗುತ್ತದೆ.’ ಅವಳು ಬರುವುದಿಲ್ಲ. ಯಾಕೆ ಬರಲಿಲ್ಲ ಎಂದು ನಿಮಗೆ ಗೊತ್ತೂ ಆಗುವುದಿಲ್ಲ.

ಹಾಗಾದರೆ ಫೋಟೊಗ್ರಾಫರ್ ಚಿತ್ರದೊಳಗೆ ಬರಲೇಬಾರದೇ? ಫ್ಯಾಷನ್ ಫೋಟೊಗ್ರಾಫರ್ ಹೆಲ್ಮುಟ್ ನ್ಯೂಟನ್ 1981ರಲ್ಲಿ ಪ್ಯಾರಿಸ್‌ನಲ್ಲಿ, ವೋಗ್ ಫ್ಯಾಷನ್ ಪತ್ರಿಕೆಯ ಸ್ಟುಡಿಯೊದಲ್ಲಿ ತೆಗೆದ ಹೆಸರಾಂತ ಸ್ವಚಿತ್ರವೊಂದಿದೆ. ದೊಡ್ಡ ಕನ್ನಡಿಯಲ್ಲಿ ಬೆತ್ತಲೆ ಮಾಡೆಲ್, ಅವಳ ಹಿಂದೆ ಮಳೆಕೋಟು ತೊಟ್ಟು ಕ್ಯಾಮೆರಾ ಮೇಲೆ ಬಗ್ಗಿದ ನ್ಯೂಟನ್, ಪಕ್ಕದ ಕುರ್ಚಿಯಲ್ಲಿ ಎಲ್ಲವನ್ನೂ ನೋಡುತ್ತ ಕೂತ ಹೆಂಡತಿ ಜೂನ್. ಅವರ ಶೈಲಿ ಒಪ್ಪುವುದು ಬಿಡುವುದು ಬೇರೆ ಮಾತು. ಆ ಚೌಕಟ್ಟಿನಲ್ಲಿ ಫೋಟೊಗ್ರಾಫರ್ ಇರುವುದಕ್ಕೆ ಒಂದು ಕಾರಣ ಇದೆ. ನಿಮ್ಮ ಸೆಲ್ಫಿಗೆ ಅಂಥ ಕಾರಣ ಹುಡುಕಿ ನೋಡಿ.

ಕೇಳುವ ಹೊತ್ತು ಬಹಳ ಮುಖ್ಯ. ಪ್ಯಾಕಪ್ ಆದ ಕೂಡಲೇ ಫೋನ್ ಎತ್ತಿ ‘ಒಂದು ಸೆಲ್ಫಿ ಪ್ಲೀಸ್’ ಅಂದರೆ ಬಹುತೇಕರು ಬೇಡ ಅನ್ನುವುದಿಲ್ಲ. ಫೋಟೊಗಳು ಇನ್ನೂ ನಿಮ್ಮ ಕಾರ್ಡ್‌ನಲ್ಲಿವೆ, ಎಡಿಟ್ ಆಗಿ ಬರಬೇಕು, ಕೆಲವೊಮ್ಮೆ ದುಡ್ಡೂ ಬಾಕಿ. ಆ ಹೊತ್ತಿನ ‘ಹೂಂ’ಗೆ ಬೆಲೆ ಕಡಿಮೆ. ಹಾಗಾಗಿ ಶೂಟ್ ಗೊತ್ತಾದ ದಿನವೇ ವಾಟ್ಸ್ಆ್ಯಪ್‌ನಲ್ಲಿ ಬರೆಯಿರಿ: ‘ಶೂಟ್ ಮುಗಿದ ಮೇಲೆ, ನಿಮ್ಮ ಸ್ವಂತ ಬಟ್ಟೆಯಲ್ಲಿ, ತಂಡದವರೆಲ್ಲ ಇರುವ ಒಂದು ಫೋಟೊ ತೆಗೆಯುತ್ತೇವೆ. ಬೇಡ ಅಂದರೆ ಬೇಡ, ಕಾರಣ ಹೇಳಬೇಕಿಲ್ಲ. ತೆಗೆದರೂ ನಿಮಗೆ ತೋರಿಸಿ, ನೀವು ಒಪ್ಪಿದ್ದನ್ನು ಮಾತ್ರ ಹಾಕುತ್ತೇನೆ.’ ಉತ್ತರ ಬರದಿದ್ದರೆ ಅದನ್ನು ಬೇಡ ಎಂದೇ ಓದಿಕೊಳ್ಳಿ.

ತೆಗೆಯುವಾಗ ಕೈ ನಿಮ್ಮ ಕ್ಯಾಮೆರಾ ಮೇಲಿರಲಿ. ಸೊಂಟ, ಬೆನ್ನು, ಹೆಗಲು ಯಾವುದೂ ಬೇಡ. ಮುಟ್ಟಿದಂತೆ ಮಾಡಿ ಒಂದು ಇಂಚು ದೂರ ಹಿಡಿದ ಕೈ ಚಿತ್ರದಲ್ಲಿ ಮುಟ್ಟಿದ ಹಾಗೇ ಕಾಣುತ್ತದೆ. ಈಜುಡುಗೆ, ಒಳಉಡುಪಿನ ಶೂಟ್ ಆಗಿದ್ದರೆ ಅದೇ ಬಟ್ಟೆಯಲ್ಲಿ ಜೊತೆಗೆ ನಿಲ್ಲುವ ಮಾತೇ ಬೇಡ. ಅವಳು ಆ ಬಟ್ಟೆ ತೊಟ್ಟದ್ದು ಕೆಲಸಕ್ಕೆ. ಎರಡು ಲುಕ್‌ಗಳ ನಡುವೆ ಬಟ್ಟೆ ಬದಲಿಸುವ ಗಡಿಬಿಡಿಯಲ್ಲೂ ಕ್ಯಾಮೆರಾ, ಫೋನ್ ಎರಡೂ ಕೆಳಗಿರಲಿ.

ಪ್ರಶ್ನೆ: ಶೂಟ್ ಆದ ಮೇಲೆ ಫೋಟೊಗ್ರಾಫರ್ ನನ್ನ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆದುಕೊಂಡರು. ಬೇಡ ಅನ್ನಲು ಸಂಕೋಚವಾಯಿತು. ಈಗ ಅದು ಅವರ ಪೇಜ್‌ನಲ್ಲಿದೆ, ನನ್ನನ್ನು ಟ್ಯಾಗ್ ಮಾಡಿದ್ದಾರೆ. ರಿಲೀಸ್ ಫಾರ್ಮ್‌ಗೆ (ಚಿತ್ರ ಬಳಸಲು ಒಪ್ಪಿಗೆ ಕೊಡುವ ಪತ್ರ) ಸಹಿ ಹಾಕಿದ್ದೇನೆ. ತೆಗೆಸಲು ಆಗುತ್ತದೆಯೇ? (ಮಂಗಳೂರು)

ಉತ್ತರ: ಮೊದಲು ಆ ಫಾರ್ಮ್ ತೆಗೆದು ಓದಿ. ಅದರಲ್ಲಿ ಹೆಚ್ಚಾಗಿ ಶೂಟ್ ಯಾವ ಕೆಲಸಕ್ಕೆ, ಯಾವ ಲುಕ್‌ಗಳು, ಎಲ್ಲಿ ಬಳಕೆ ಎಂದು ಇರುತ್ತದೆ. ಹಾಗಿದ್ದರೆ ಫೋನ್‌ನಲ್ಲಿ ತೆಗೆದ ಸೆಲ್ಫಿ ಅದರೊಳಗೆ ಬರುವುದಿಲ್ಲ ಎಂದು ವಾದಿಸಲು ನಿಮಗೆ ಗಟ್ಟಿ ನೆಲ ಇದೆ. ‘ಈ ದಿನ ತೆಗೆದ ಎಲ್ಲ ಚಿತ್ರಗಳು’ ಎಂದಿದ್ದರೆ ವಾದ ಸ್ವಲ್ಪ ಕಷ್ಟವಾದೀತು, ಆದರೂ ತೆಗೆಯಿರಿ ಎಂದು ಕೇಳಲು ಅಡ್ಡಿಯೇನಿಲ್ಲ. ಮುಂದೆ ಸಹಿ ಹಾಕುವಾಗ ಆ ಸಾಲು ಹೊಡೆದುಹಾಕಿ, ಪಕ್ಕದಲ್ಲಿ ಇಬ್ಬರೂ ಚಿಕ್ಕ ಸಹಿ ಹಾಕಿ.

ಇವತ್ತು ಮಾಡಬೇಕಾದ್ದು: ಪೋಸ್ಟ್, ಅವರ ಖಾತೆಯ ಹೆಸರು, ದಿನಾಂಕ ಮೂರೂ ಕಾಣುವಂತೆ ಸ್ಕ್ರೀನ್‌ಶಾಟ್, ಜೊತೆಗೆ ಪೋಸ್ಟ್‌ನ ಲಿಂಕ್. ಇದನ್ನು ಮೊದಲು ಮಾಡಿ, ಏಕೆಂದರೆ ಮಾತು ಬೆಳೆದರೆ ಪೋಸ್ಟ್ ಮಾಯವಾಗಿ ಬೇರೆಲ್ಲೋ ಏಳುತ್ತದೆ. ಬಳಿಕ ಫೋಟೊದಲ್ಲಿ ನಿಮ್ಮ ಹೆಸರು ಒತ್ತಿ ಟ್ಯಾಗ್ ತೆಗೆಯಿರಿ. ಸೆಟ್ಟಿಂಗ್ಸ್‌ನಲ್ಲಿ ಟ್ಯಾಗ್‌ಗಳಿಗೆ ನಿಮ್ಮ ಒಪ್ಪಿಗೆ ಬೇಕು ಎಂದು ಬದಲಿಸಿಡಿ. ಟ್ಯಾಗ್ ಹೋದರೆ ನಿಮ್ಮ ಪ್ರೊಫೈಲ್‌ನಿಂದ ಮಾತ್ರ ಹೋಯಿತು. ಚಿತ್ರ ಅವರ ಪೇಜ್‌ನಲ್ಲೇ ಇರುತ್ತದೆ. ಅದಕ್ಕೆ ಮೆಸೇಜ್ ಬೇಕು, ಫೋನ್ ಕರೆ ಬೇಡ, ಬರಹದಲ್ಲಿರಲಿ: ‘ಸರ್, ನಮ್ಮಿಬ್ಬರ ಫೋಟೊ ಹಾಕಲು ನನ್ನ ಒಪ್ಪಿಗೆ ಇಲ್ಲ. ದಯವಿಟ್ಟು ಎರಡು ದಿನದೊಳಗೆ ಪೋಸ್ಟ್, ಸ್ಟೋರಿ, ಹೈಲೈಟ್ ಎಲ್ಲದರಿಂದ ತೆಗೆಯಿರಿ.’ ಹೈಲೈಟ್ (ಪ್ರೊಫೈಲ್‌ನಲ್ಲಿ ಉಳಿಸಿಟ್ಟ ಸ್ಟೋರಿ) ಎಂಬ ಪದ ಬಿಡಬೇಡಿ, ಪೋಸ್ಟ್ ತೆಗೆದವರು ಅದನ್ನು ಮರೆಯುತ್ತಾರೆ. ಏಜೆನ್ಸಿ ಮೂಲಕ ಹೋಗಿದ್ದರೆ ಅವರಿಗೂ ಅದೇ ಮೆಸೇಜ್ ಕಳಿಸಿ. ಸಾಮಾನ್ಯವಾಗಿ ಇಷ್ಟರಲ್ಲಿ ಮುಗಿಯುತ್ತದೆ.

ಕೈ ಹಾಕಿದ್ದರ ಬಗ್ಗೆ ಸಂಕೋಚ ಬಿಡಿ. ಕೆಲಸದ ಜಾಗದಲ್ಲಿ ಬೇಡದ ಸ್ಪರ್ಶ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ವ್ಯಾಪ್ತಿಗೆ ಬರಬಹುದು. ಆ ಕಾಯ್ದೆ ಕಾಯಂ ನೌಕರಿ ಇರುವವರಿಗೆ ಮಾತ್ರ ಅಲ್ಲ. ಹತ್ತು ಜನಕ್ಕಿಂತ ಕಡಿಮೆ ಇರುವ ಸ್ಟುಡಿಯೊದಲ್ಲಿ ಇಂಥ ದೂರು ಕೇಳುವ ಆಂತರಿಕ ಸಮಿತಿ ಇರುವುದಿಲ್ಲ. ಅಂಥಲ್ಲಿ, ಅಥವಾ ದೂರು ಮಾಲೀಕರ ಮೇಲೇ ಆದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಲಿಖಿತ ದೂರು ಕೊಡಬಹುದು. ಘಟನೆ ನಡೆದ ಮೂರು ತಿಂಗಳೊಳಗೆ ಕೊಡಬೇಕು ಎಂಬುದು ಸಾಮಾನ್ಯ ನಿಯಮ.

ಬಟ್ಟೆ ಬದಲಿಸುವಾಗ ತೆಗೆದ ಅಥವಾ ಒಳಉಡುಪಿನಲ್ಲಷ್ಟೇ ಇರುವ ಖಾಸಗಿ ಕ್ಷಣದ ಚಿತ್ರವಾದರೆ ವಿಷಯವೇ ಬೇರೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ಇ ಕಲಮಿನಡಿ ಮೂರು ವರ್ಷದವರೆಗೆ ಸೆರೆ ಅಥವಾ 2 ಲಕ್ಷದವರೆಗೆ ದಂಡ ಅಥವಾ ಎರಡೂ ಇದೆ. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಮಹಿಳೆ ಅಂಥ ಚಿತ್ರ ತೆಗೆಯಲು ಒಪ್ಪಿ, ಹಂಚಲು ಒಪ್ಪದಿದ್ದಾಗ ಹಂಚಿದರೆ ಅದೂ ಅಪರಾಧ. ಆಗ ಮೆಸೇಜ್ ಬರೆದು ಕಾಯುತ್ತ ಕೂರಬೇಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಇಲ್ಲವೇ ಹತ್ತಿರದ ಠಾಣೆಯಲ್ಲಿ ದೂರು ಕೊಡಿ.

ಪ್ರಶ್ನೆ: ನನ್ನ ಮತ್ತು ಮಾಡೆಲ್‌ನ ಬಿಟಿಎಸ್ (ಶೂಟ್‌ನ ತೆರೆಮರೆಯ) ಚಿತ್ರ ತೆಗೆದದ್ದು ದಿನಗೂಲಿಗೆ ಬಂದಿದ್ದ ಅಸಿಸ್ಟೆಂಟ್. ಹಾಕುವ ಹಕ್ಕು ಯಾರದು? ಶೂಟ್ ಒಡವೆ ಅಂಗಡಿಯದ್ದು, ದುಡ್ಡು ಕೊಟ್ಟದ್ದು ಅವರು. (ದಾವಣಗೆರೆ)

ಉತ್ತರ: 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಫೋಟೊದ ಕರ್ತೃ ಅದನ್ನು ತೆಗೆದವನು, ಚಿತ್ರದಲ್ಲಿರುವವನಲ್ಲ. ಅಸಿಸ್ಟೆಂಟ್ ನಿಮ್ಮ ಸಂಬಳದ ನೌಕರನಾಗಿ ಆ ಕೆಲಸದ ಭಾಗವಾಗಿ ತೆಗೆದಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಹಕ್ಕು ನಿಮ್ಮದು. ದಿನದ ಲೆಕ್ಕದಲ್ಲಿ ಬಂದವನನ್ನು ನೌಕರ ಅನ್ನಲು ಬರುತ್ತದೋ ಇಲ್ಲವೋ ಎಂಬುದೇ ತಕರಾರು. ಕೂಲಿ ಕೊಡುವ ವೌಚರ್‌ನಲ್ಲೇ ‘ಇಂದು ತೆಗೆದ ಬಿಟಿಎಸ್ ಚಿತ್ರಗಳ ಹಕ್ಕು ಸ್ಟುಡಿಯೊಗೆ’ ಎಂದು ಬರೆದು ಸಹಿ ಪಡೆಯಿರಿ. ಅವಧಿ ಮತ್ತು ಪ್ರದೇಶವನ್ನೂ ಬರೆಯಿರಿ. ಬರೆಯದಿದ್ದರೆ ಹಕ್ಕು ವರ್ಗಾವಣೆ ಐದು ವರ್ಷಕ್ಕೆ ಮತ್ತು ಭಾರತಕ್ಕೆ ಮಾತ್ರ ಎಂದು ಕಾಯ್ದೆ ಭಾವಿಸುತ್ತದೆ. ಚಿತ್ರದಡಿ ಅವನ ಹೆಸರು ಹಾಕಿ. ಅದಕ್ಕೆ ಕಾಯ್ದೆ ಓದಬೇಕಿಲ್ಲ.

ಅಂಗಡಿಯವರ ಪಾಲು ನೀವು ಅಂದುಕೊಂಡದ್ದಕ್ಕಿಂತ ದೊಡ್ಡದು. ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೊಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಒಡೆಯರು ತೆಗೆಸಿದವರೇ. ಅನೇಕ ಸ್ಟುಡಿಯೊದವರಿಗೆ ಇದು ಗೊತ್ತಿಲ್ಲ. ಬಿಟಿಎಸ್ ಅವರು ಹೇಳಿ ತೆಗೆಸಿದ್ದಲ್ಲ, ನಿಜ. ಆದರೆ ಅದರಲ್ಲಿ ದೀಪಾವಳಿಗೆ ಬಿಡುಗಡೆಯಾಗಬೇಕಾದ ಹಾರ ಮಾಡೆಲ್ ಕೊರಳಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದರೆ, ತಿಂಗಳು ಮೊದಲೇ ಪಕ್ಕದ ಬೀದಿಯ ಅಂಗಡಿಗೆ ನಮೂನೆ ಕೊಟ್ಟಂತಾಯಿತು. ಜಾಹೀರಾತು ಹೊರಬರುವ ತನಕ ತಡೆದುಕೊಳ್ಳಿ. ಸಿನಿಮಾ, ಧಾರಾವಾಹಿ ನಟರ ಜೊತೆಗಿನ ಚಿತ್ರಕ್ಕೂ ಇದೇ ಮಾತು: ಹೊಸ ಗೆಟಪ್ ನಿಮ್ಮ ಸ್ಟೋರಿಯಿಂದ ಬಯಲಾದರೆ ಆ ತಂಡ ಮತ್ತೆ ಕರೆಯುವುದಿಲ್ಲ.

ಪ್ರಶ್ನೆ: ಮಾಡೆಲ್‌ಗಳೇ ಖುಷಿಯಿಂದ ಜೊತೆಗೆ ಫೋಟೊ ಕೇಳುತ್ತಾರೆ. ಆದರೆ ಶೂಟ್‌ನ ಚಿತ್ರಗಳ ಪಕ್ಕ ಈ ಸೆಲ್ಫಿ ತೀರಾ ಕಳಪೆ. ನನ್ನ ಮುಖ ದೊಡ್ಡದು, ಬಣ್ಣ ಹಳದಿ. (ಮೈಸೂರು)

ಉತ್ತರ: ತಪ್ಪು ನಿಮ್ಮ ಮುಖದ್ದಲ್ಲ, ದೂರದ್ದು. ಕೈ ಚಾಚಿ ಹಿಡಿದ ಫೋನ್ ನಿಮ್ಮಿಂದ 50 ಸೆಂ.ಮೀ., ಹಿಂದೆ ನಿಂತವರಿಂದ 80 ಸೆಂ.ಮೀ. ಇದ್ದರೆ ನಿಮ್ಮ ಮುಖ ಅವರದಕ್ಕಿಂತ ಒಂದೂವರೆ ಪಟ್ಟಿಗಿಂತ ದೊಡ್ಡದಾಗಿ ಬೀಳುತ್ತದೆ. ಎರಡು ಮೀಟರ್ ದೂರದಿಂದ ಅದೇ 30 ಸೆಂ.ಮೀ. ಅಂತರ ಲೆಕ್ಕಕ್ಕೇ ಬರುವುದಿಲ್ಲ. ಹಳದಿಗೆ ಕಾರಣ ಬೇರೆ. ಫೋನ್ ಕ್ಲಿಕ್ ಆಗುವ ಕ್ಷಣಕ್ಕೆ ನಿಮ್ಮ ಸ್ಟುಡಿಯೊ ಫ್ಲ್ಯಾಶ್ ಮಿಂಚುವುದಿಲ್ಲ, ಅದಕ್ಕೆ ಸಿಗುವುದು ಫ್ಲ್ಯಾಶ್‌ನೊಳಗೆ ಸದಾ ಉರಿಯುವ ಮಾಡೆಲಿಂಗ್ ಬಲ್ಬಿನ ಬೆಳಕು ಮಾತ್ರ. ಹ್ಯಾಲೊಜೆನ್ ಆದರೆ ಅದು ಸುಮಾರು 3200 ಕೆಲ್ವಿನ್, ಅಂದರೆ ಹಳದಿ ಬೆಳಕು, ಮೇಲಿನ ಟ್ಯೂಬ್‌ಲೈಟ್ ಬೆಳಕಿನ ಜೊತೆ ಬೆರೆತು ಚರ್ಮದ ಬಣ್ಣ ಕೆಡುತ್ತದೆ.

ಸೆಟ್ ಬಿಚ್ಚುವ ಮೊದಲೇ ಕ್ಯಾಮೆರಾವನ್ನು ಟ್ರೈಪಾಡ್‌ಗೆ ಹಾಕಿ. ಫುಲ್ ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸ್, ಎರಡು ಮೀಟರ್ ದೂರ, ಅಪರ್ಚರ್ (ಲೆನ್ಸ್ ತೆರೆಯುವ ಅಳತೆ) ಎಫ್ 5.6, ಶಟರ್ 1/125, ಹತ್ತು ಸೆಕೆಂಡ್ ಟೈಮರ್. ಅದೇ ದೂರದಲ್ಲಿ ಎಫ್ 1.8 ಇಟ್ಟರೆ ಫೋಕಸ್‌ನಲ್ಲಿ ಉಳಿಯುವುದು ಸುಮಾರು 17 ಸೆಂ.ಮೀ. ಆಳ ಮಾತ್ರ. ಒಬ್ಬರು ಅರ್ಧ ಹೆಜ್ಜೆ ಹಿಂದಿದ್ದರೂ ಮಸುಕು. 5.6ರಲ್ಲಿ ಅರ್ಧ ಮೀಟರ್ ಸಿಗುತ್ತದೆ. ಮಾಡೆಲ್ ನಿಂತ ಜಾಗದಲ್ಲೇ ಮೊದಲು ಫೋಕಸ್ ಮಾಡಿ ಮ್ಯಾನುಯಲ್‌ಗೆ ತಿರುಗಿಸಿ, ಇಲ್ಲದಿದ್ದರೆ ನೀವು ಓಡಿ ಬರುವಷ್ಟರಲ್ಲಿ ಕ್ಯಾಮೆರಾ ನಿಮ್ಮ ಬೆನ್ನ ಹಿಂದಿನ ಪರದೆಗೆ ಫೋಕಸ್ ಆಗಿರುತ್ತದೆ. ಫೋನೇ ಬೇಕೆಂದರೆ ಫ್ಲ್ಯಾಶ್ ಮರೆತು, ಕಿಟಕಿ ಬೆಳಕಿಗೆ ಬಂದು, ಹಿಂದಿನ ಕ್ಯಾಮೆರಾದಲ್ಲಿ ಮೂರನೆಯವರಿಂದ ತೆಗೆಸಿ.

ಸೀರೆ ಶೂಟ್ ಮಾಡುವವರಿಗೆ ಇನ್ನೊಂದು ತೊಡಕು. ಮುಂದಿನ ಕ್ಯಾಮೆರಾದ ಚಿತ್ರ ಕೆಲವು ಫೋನ್‌ಗಳಲ್ಲಿ ಕನ್ನಡಿಯ ಹಾಗೆ ತಿರುಗಿ ಉಳಿಯುತ್ತದೆ. ಎಡ ಹೆಗಲ ಸೆರಗು ಬಲಕ್ಕೆ ಬಂದಿರುತ್ತದೆ, ಗೋಡೆಯ ಮೇಲಿನ ಅಂಗಡಿ ಹೆಸರು ಉಲ್ಟಾ. ಮಿರರ್ ಆಯ್ಕೆ ಆಫ್ ಮಾಡಿ.

ಪ್ರಶ್ನೆ: ಎಂಟು ವರ್ಷದ ಮಗಳು ಮಕ್ಕಳ ಬಟ್ಟೆಯ ಜಾಹೀರಾತಿಗೆ ಹೋಗುತ್ತಾಳೆ. ಫೋಟೊಗ್ರಾಫರ್ ಅವಳ ಜೊತೆ ಫೋಟೊ ಹಾಕಲೇ ಎಂದು ಕೇಳಿದ್ದಾರೆ. (ತುಮಕೂರು)

ಉತ್ತರ: ಕೇಳಿದ್ದು ಒಳ್ಳೆಯ ಲಕ್ಷಣ. 18 ತುಂಬದವರ ಸಹಿಗೆ ಕಾನೂನಿನ ಬೆಲೆ ಇಲ್ಲ, ಒಪ್ಪಿಗೆ ನಿಮ್ಮದೇ ಆಗಬೇಕು. ಮಗಳನ್ನೂ ಕೇಳಿ, ಅವಳು ಬೇಡ ಅಂದರೆ ಅಲ್ಲಿಗೆ ನಿಲ್ಲಿಸಿ. ಹೂಂ ಅಂದರೆ ನೀವೂ ಚೌಕಟ್ಟಿನಲ್ಲಿರಿ. ತೊಡೆಯ ಮೇಲೆ ಕೂರಿಸಿಕೊಂಡ, ಎತ್ತಿಕೊಂಡ ಚಿತ್ರ ಬೇಡ. ಶಾಲೆಯ ಹೆಸರು, ಪೂರ್ತಿ ಹೆಸರು, ಲೊಕೇಶನ್ ಯಾವುದೂ ಬರೆಯದಿರಲಿ, ಮತ್ತು ಅಲ್ಲಿಂದ ನೀವು ಹೊರಟ ಮೇಲೆ ಪೋಸ್ಟ್ ಆಗಲಿ. ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲಿನೊಳಗಿನ ಜಿಪಿಎಸ್ ಮಾಹಿತಿಯೂ ಜೊತೆಗೇ ಹೋಗುತ್ತದೆ, ಅದನ್ನು ಮೊದಲು ಅಳಿಸಲು ಹೇಳಿ.

ನೀವು ಕೇಳದ ಒಂದು ಸಂಗತಿ: 14 ವರ್ಷದೊಳಗಿನ ಮಕ್ಕಳಿಂದ ಇಂಥ ಕೆಲಸ ಮಾಡಿಸಲು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ದಿನಕ್ಕೆ ಐದು ಗಂಟೆ, ವಿರಾಮವಿಲ್ಲದೆ ಮೂರು ಗಂಟೆ, ಅದಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ಬಂದ ದುಡ್ಡಿನಲ್ಲಿ ಕನಿಷ್ಠ ನೂರಕ್ಕೆ ಇಪ್ಪತ್ತು ಮಗುವಿನ ಹೆಸರಲ್ಲಿ ಠೇವಣಿ ಆಗಬೇಕು. ಅನುಮತಿ ತೆಗೆಯಬೇಕಾದವರು ಶೂಟ್ ಮಾಡಿಸುವವರು. ಪ್ರತಿ ಕೇಳಿ ಪಡೆಯಿರಿ.

ಪ್ರಶ್ನೆ: ಶೂಟ್‌ಗೆ ಮೊದಲೇ ಮಾಡೆಲ್ ಒಬ್ಬರು ‘ನಿಮ್ಮ ಫೋಟೊ ಕಳಿಸಿ’ ಅಂದರು. ಕಳಿಸಬೇಕೇ? ವಿಚಿತ್ರ ಅನಿಸಿತು. (ಶಿವಮೊಗ್ಗ)

ಉತ್ತರ: ವಿಚಿತ್ರ ಏನಿಲ್ಲ, ಕಳಿಸಿ. ಅವರು ನೋಡುತ್ತಿರುವುದು ಬಾಗಿಲು ತೆರೆಯುವ ಮನುಷ್ಯ ಇವರೇನಾ ಎಂದು. ಮುಖ ಸ್ಪಷ್ಟವಾಗಿರುವ ಇತ್ತೀಚಿನ ಒಂದು ಚಿತ್ರ ಸಾಕು, ಜಿಮ್‌ನದ್ದು ಬೇಡ. ಜೊತೆಗೆ ಸ್ಟುಡಿಯೊ ವಿಳಾಸದ ಮ್ಯಾಪ್ ಲಿಂಕ್, ಅಂದು ಅಲ್ಲಿರುವ ಉಳಿದವರ ಹೆಸರು, ಹಿಂದೆ ಕೆಲಸ ಮಾಡಿದ ಇಬ್ಬರು ಮಾಡೆಲ್‌ಗಳ ಪ್ರೊಫೈಲ್, ಅವರನ್ನು ಕೇಳಿಕೊಂಡೇ. ‘ಜೊತೆಗೆ ಯಾರನ್ನಾದರೂ ಕರೆತರಬಹುದು’ ಎಂಬ ಸಾಲನ್ನು ನೀವೇ ಮೊದಲು ಬರೆದುಬಿಡಿ. ಬಂದವರಿಗೆ ಸೆಟ್‌ನಿಂದ ಸ್ವಲ್ಪ ದೂರ, ಕ್ಯಾಮೆರಾದ ಹಿಂದೆ ಒಂದು ಕುರ್ಚಿ ಹಾಕಿ. ಮಾಡೆಲ್‌ನ ಕಣ್ಣಿಗೆ ನೇರ ಬೀಳುವ ಜಾಗ ಬೇಡ, ನೋಟ ಪದೇ ಪದೇ ಅತ್ತ ಹೋಗುತ್ತದೆ.