ಒಂಬತ್ತು ವರ್ಷದವನಿಗೂ ಬಿಪಿ ನೋಡಬೇಕಾ?

ನಿಟುವಳ್ಳಿಯಿಂದ ಪತ್ರ ಬರೆದ ತಾಯಿಗೆ,

ನಿಮ್ಮ ಪತ್ರ ಓದಿ ಮೊದಲು ನಕ್ಕೆ, ಆಮೇಲೆ ಇನ್ನೊಂದು ಸಲ ಓದಿದೆ. ಶಾಲೆಯ ತಪಾಸಣೆಯಲ್ಲಿ ನಿಮ್ಮ ಒಂಬತ್ತು ವರ್ಷದ ಮಗನ ಬಿಪಿ ನೋಡಿ 118/78 ಅಂತ ಚೀಟಿ ಕೊಟ್ಟಿದ್ದಾರೆ. ನಿಮ್ಮತ್ತೆ "ಹಾಲು ಕುಡಿಯೋ ಮಗೂಗೆ ಎಂಥಾ ಬಿಪಿ" ಅಂದರು. ಯಜಮಾನರು "120ರ ಒಳಗೇ ಇದೆಯಲ್ಲ, ಫಸ್ಟ್ ಕ್ಲಾಸ್" ಅಂದರು. ಆ ಯಜಮಾನರಿಗೆ ಈಗ 43. ಒಂದು ಸಲವೂ ಬಿಪಿ ನೋಡಿಸಿಕೊಂಡಿಲ್ಲ. ಯಾರ ಮಾತು ಕೇಳಲಿ ಅಂತ ನಿಮ್ಮ ಪ್ರಶ್ನೆ.

ಇಬ್ಬರದೂ ಬೇಡ.

120/80 ಅನ್ನೋದು ದೊಡ್ಡವರ ಲೆಕ್ಕ. ಮಕ್ಕಳಿಗೆ ವಯಸ್ಸು, ಎತ್ತರ, ಗಂಡೋ ಹೆಣ್ಣೋ ನೋಡಿ ಬೇರೆ ಲೆಕ್ಕವೇ ಇದೆ. ಹದಿಮೂರು ದಾಟಿದ ಮೇಲಷ್ಟೇ ದೊಡ್ಡವರ ಅಂಕಿಗೆ ಹೋಲಿಸುತ್ತಾರೆ. ಯಜಮಾನರಿಗೆ ಚೆನ್ನಾಗಿರುವ 118, ಮಗನಿಗೆ ಜಾಸ್ತಿಯೇ.

ಹಾಗಂತ ಗಾಬರಿ ಬೀಳಬೇಡಿ. ನನ್ನದೇ ಕಥೆ ಕೇಳಿ. ಒಂದು ಸಲ ಇದೇ ದಾವಣಗೆರೆಯ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ಆಟೋದವನ ಜೊತೆ ಚಿಲ್ಲರೆಗೆ ಜಗಳ ಆಡಿ, ಕಾಫಿ ಕುಡಿದು, ಮೂರು ಮಹಡಿ ಹತ್ತಿದ್ದೆ. ಅಲ್ಲಿದ್ದ ಹುಡುಗ ತುಂಬುತೋಳಿನ ಅಂಗಿಯ ಮೇಲೇ ಪಟ್ಟಿ ಸುತ್ತಿದ. ಮೊಬೈಲಲ್ಲಿ ಮಾತಾಡುತ್ತಲೇ ಇದ್ದೆ, ಅವನೂ ಬೇಡ ಅನ್ನಲಿಲ್ಲ. 158/98! ಒಂದು ವಾರ ಬೆಣ್ಣೆದೋಸೆ ಬಿಟ್ಟೆ. ಆಮೇಲೆ ಇನ್ನೊಬ್ಬ ಡಾಕ್ಟರು ಐದು ನಿಮಿಷ ಸುಮ್ನೆ ಕೂರಿಸಿದರು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲಿಲ್ಲ, ಬರಿ ತೋಳು ಎದೆಯ ಮಟ್ಟಕ್ಕೆ ಟೇಬಲ್ ಮೇಲೆ. 126/82 ಬಂತು. ಎರಡು ನಿಮಿಷ ಬಿಟ್ಟು ಮತ್ತೆ ನೋಡಿದರು. ಹೆಚ್ಚುಕಮ್ಮಿ ಅಷ್ಟೇ.

ಮಕ್ಕಳಲ್ಲಿ ಇನ್ನೊಂದು ತೊಡಕು ಆ ಪಟ್ಟಿಯದು. ತೋಳಿಗೆ ಪಟ್ಟಿ ಚಿಕ್ಕದಾದರೆ ಅಂಕಿ ಸುಳ್ಳೇ ಏರುತ್ತದೆ, ದೊಡ್ಡದಾದರೆ ಇಳಿಯುತ್ತದೆ. ಮಗ ಸ್ವಲ್ಪ ದಪ್ಪಗಿದ್ದಾನೆ ಅಂತ ಬರೆದಿದ್ದೀರಿ. ಶಾಲೆಯಲ್ಲಿ ಯಾವ ಪಟ್ಟಿ ಸುತ್ತಿದರೋ! ಅದಕ್ಕೇ ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಅವನ ತೋಳಿಗೆ ಹೊಂದುವ ಪಟ್ಟಿಯಲ್ಲಿ, ಬಲಗೈಯಲ್ಲಿ ನೋಡಿಸಿ. ಮೂರು ಬೇರೆ ಬೇರೆ ದಿನ ನೋಡಿದಾಗಲೂ ಜಾಸ್ತಿ ಬಂದರೆ ಮಾತ್ರ ಅದು ಬಿಪಿ. ಆಗ ಮೂತ್ರಪಿಂಡವನ್ನೂ ಪರೀಕ್ಷೆ ಮಾಡಿಸುತ್ತಾರೆ. ಚಿಕ್ಕ ಮಕ್ಕಳ ಬಿಪಿಗೆ ಎಷ್ಟೋ ಸಲ ಅಲ್ಲೇ ಮೂಲ.

ಎಲ್ಲ ಮಕ್ಕಳಿಗೂ ನೋಡಬೇಕಾ ಅನ್ನೋದರಲ್ಲಿ ಬಲ್ಲವರಲ್ಲೇ ಒಮ್ಮತವಿಲ್ಲ. ಮೂರು ವರ್ಷದಿಂದ ಪ್ರತಿವರ್ಷ ನೋಡಿ ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘ 2017ರಲ್ಲಿ ಹೇಳಿತು. ಅಲ್ಲಿನದೇ ಇನ್ನೊಂದು ತಜ್ಞರ ಮಂಡಳಿ 2020ರಲ್ಲಿ, ಹಾಗೆ ಹೇಳೋಕೆ ಪುರಾವೆ ಸಾಲದು ಅಂದಿತು. ನಾನು ಡಾಕ್ಟರಲ್ಲ. ಆದರೂ ಖರ್ಚಿಲ್ಲದ, ನೋವಿಲ್ಲದ ಪರೀಕ್ಷೆ ಇದು, ಸರಿಯಾಗಿ ಮಾಡುವವರಿದ್ದರೆ ಮಾಡಿಸಿದರಾಯ್ತು ಅಂತ ನನ್ನ ಅನಿಸಿಕೆ.

ಇನ್ನು ನಿಮ್ಮ ಯಜಮಾನರು. ಪತ್ರದಲ್ಲಿ ನನಗೆ ಜಾಸ್ತಿ ಚಿಂತೆ ಹತ್ತಿದ್ದು ಅವರದೇ. "ತಲೆನೋವಿಲ್ಲ, ತಲೆಸುತ್ತಿಲ್ಲ, ನನಗೇಕೆ" ಅನ್ನುತ್ತಾರಂತೆ. ಬಿಪಿ ಹೇಳಿ ಬರೋದಿಲ್ಲವಲ್ಲ! ನಲವತ್ತು ದಾಟಿದವರು ವರ್ಷಕ್ಕೊಮ್ಮೆ ನೋಡಿಸಲೇಬೇಕು. ಸರಕಾರಿ ಆರೋಗ್ಯ ಕೇಂದ್ರದಲ್ಲಿ ಮೂವತ್ತು ದಾಟಿದವರಿಗೆ ಪುಕ್ಕಟೆ ನೋಡುತ್ತಾರೆ. ಬೇರೆ ಬೇರೆ ದಿನ 140/90 ಅಥವಾ ಅದಕ್ಕೂ ಮೇಲೆ ಬಂದರೆ ಚಿಕಿತ್ಸೆ ಬೇಕು. ದಿನಾ ಸಂಜೆ ಮಂಡಕ್ಕಿ ಮಿರ್ಚಿ ಬೇಕು ಅಂತಾರೆ ಅಂದಿರಿ. ಮಿರ್ಚಿಯ ಎಣ್ಣೆ ಎಲ್ಲರ ಕಣ್ಣಿಗೂ ಬೀಳುತ್ತೆ, ಮಂಡಕ್ಕಿಯ ಉಪ್ಪು ಬೀಳಲ್ಲ. ದಿನಕ್ಕೆ ಎಲ್ಲ ಸೇರಿ ಐದು ಗ್ರಾಂ, ಅಂದರೆ ಒಂದು ಚಿಕ್ಕ ಚಮಚೆಯಷ್ಟು ಉಪ್ಪು ಸಾಕು. ಉಪ್ಪಿನಕಾಯಿ, ಹಪ್ಪಳದ್ದೂ ಅದರಲ್ಲೇ ಬಂತು.

ಮಗನನ್ನು ಕರೆದುಕೊಂಡು ಹೋಗುವ ದಿನ ಅವರನ್ನೂ ಹೊರಡಿಸಿ. ಇಬ್ಬರಿಗೂ ಅರ್ಧತೋಳಿನ ಅಂಗಿ ಹಾಕಿಸಿ. ಹುಡುಗ ತೋಳು ಚಾಚಿ ಕೂತ ಮೇಲೆ ಅಪ್ಪ ನನಗೆ ಬೇಡ ಅನ್ನೋದು ಕಷ್ಟ ಅಲ್ವಾ?

ಸಂಪಾದಕ